ಡಾ॥ ಇರಾವತಿ ಕರ್ವೆ

ಕನ್ನಡದಲ್ಲಿ ತಂದೆಯ ಒಡಹುಟ್ಟಿದವಳೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ತಾಯಿಯ ಒಡಹುಟ್ಟಿದವನೂ ಮಾವ, ಹೆಣ್ಣು ಕೊಟ್ಟವನೂ ಮಾವ. ಹುಟ್ಟಿದಂದಿನಿಂದ ಈ ಮಾತುಗಳನ್ನಾಡುತ್ತ ಬಂದಿರುವ ನಮಗೆ ಇದರಲ್ಲಿ ವಿಶೇಷವೇನೂ ತೋರುವುದಿಲ್ಲ. ಆದರೆ ಹಿಂದಿ ಮಾತಾಡುವ ಗಂಗಾತೀರದ ಗೆಳೆಯನೊಬ್ಬನಿಗೆ ಇದನ್ನು ಹೇಳಿ ನೋಡಿ, ಅವನು ಬೆರಗಾಗುತ್ತಾನೆ. ಅವನಿಗೆ ಬುಆ ಬೇರೆ, ಸಾಸ್ ಬೇರೆ. ಮಾಮಾ ಬೇರೆ, ಸಸುರ್ ಬೇರೆ. ಸೋದರಮಾವನ ಮಗಳನ್ನು ಮದುವೆಯಾಗುವುದೆಂದರೆ ಅವನ ಮಟ್ಟಿಗೆ ತಂಗಿಯನ್ನೇ ಮದುವೆಯಾದಂತೆ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದ ಇಂಥ ಮಾತುಗಳನ್ನು ಆರಿಸಿಕೊಂಡು, ಭಾರತದ ಕುಟುಂಬಗಳ ಒಳರಚನೆಯನ್ನು ಓದಿ ತೋರಿಸಿದವರು ಪುಣೆಯ ಪ್ರಾಧ್ಯಾಪಿಕೆ ಇರಾವತಿ ಕರ್ವೆಯವರು. ಮಹಾಭಾರತದ ಮೇಲೆ ಬರೆದ ‘ಯುಗಾಂತ’ದ ಮೂಲಕ ಅವರ ಹೆಸರನ್ನು ಕೇಳಿದವರು ಬಹಳ ಮಂದಿ, ಅವರ ಸಂಶೋಧನೆಯ ಕಥೆಯನ್ನು ಬಲ್ಲವರು ಅಷ್ಟಿಲ್ಲ.

ಅವರು ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಅಂದಿನ ಬರ್ಮಾದ ಮ್ಯಿಂಜಾನ್ ಪಟ್ಟಣದಲ್ಲಿ. ತಂದೆ ಗಣೇಶ ಹರಿ ಕರ್ಮಾರ್ಕರ್ ಅಲ್ಲಿ ಇಂಜಿನಿಯರಾಗಿದ್ದರು. ಆ ಸೀಮೆಯ ಮಹಾನದಿ ಐರಾವತಿಯ ಹೆಸರೇ ಮಗುವಿಗೆ ಬಂತು. ಗಂಡುಮಕ್ಕಳ ನಡುವೆ ಹುಟ್ಟಿದ ಒಬ್ಬಳೇ ಹೆಣ್ಣುಮಗಳನ್ನು ಏಳನೆಯ ವಯಸ್ಸಿಗೆ ಸಮುದ್ರ ದಾಟಿಸಿ ಪುಣೆಯ ಹುಜೂರ್‌ಪಾಗಾ ಶಾಲೆಯ ವಿದ್ಯಾರ್ಥಿನಿಲಯಕ್ಕೆ ಕಳುಹಿಸಿದರು. ಅಷ್ಟು ಎಳೆಯ ಮಗು ಅಷ್ಟು ದೂರ ಬಂದು ಹೇಗೆ ಇದ್ದೀತು ಎಂದು ನಮಗನ್ನಿಸುವುದು ಸಹಜ. ಅದೃಷ್ಟಕ್ಕೆ ಅಲ್ಲಿ ಶಕುಂತಲಾ ಪರಾಂಜಪೆ ಎಂಬ ಸಹಪಾಠಿ ದೊರೆತಳು. ಅವಳ ತಂದೆ ಫರ್ಗುಸನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ರ್‍ಯಾಂಗ್ಲರ್ ಪರಾಂಜಪೆಯವರು. ಗೆಳತಿಯನ್ನು ಮನೆಗೆ ಕರೆತಂದ ಮಗಳಿಗೆ ತಾಯಿ ಅಡ್ಡಿ ಹೇಳಲಿಲ್ಲ; ಹೇಳುವುದಿರಲಿ, ಇರಾವತಿಯನ್ನು ಎರಡನೆಯ ಮಗಳಂತೆ ಅಲ್ಲಿಯೇ ಉಳಿಸಿಕೊಂಡು ಬೆಳೆಸಿದರು. ಪುಸ್ತಕಗಳಿಂದ ತುಂಬಿದ, ದೇವರನ್ನು ಕುರಿತೂ ನಿರ್ಭಯವಾಗಿ ವಾದಮಾಡಬಹುದಾಗಿದ್ದ ಮನೆ ಅದು.

ಫರ್ಗುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದಿ 1926ರಲ್ಲಿ ಬಿ.ಎ. ಮುಗಿಸಿದರು. ತರುವಾಯ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಪ್ರೊ॥ ಘುರ್ಯೆಯವರ ಶಿಷ್ಯೆಯಾಗಿ ಸಮಾಜಶಾಸ್ತ್ರವನ್ನು ಅಭ್ಯಾಸಮಾಡಿ, ತಮ್ಮದೇ ಜಾತಿಯಾದ ಚಿತ್ಪಾವನರನ್ನು ಕುರಿತು ಪ್ರಬಂಧ ಬರೆದು 1928ರಲ್ಲಿ ಎಂ.ಎ. ಪದವಿ ಪಡೆದರು. ಈ ನಡುವೆ ದಿನಕರ ಧೋಂಡೋ ಕರ್ವೆಯವರೊಡನೆ ವಿವಾಹವಾಯಿತು. ಅವರು ರಸಾಯನಶಾಸ್ತ್ರದ ಅಧ್ಯಾಪಕರು, ಮುಂದೆ ಫರ್ಗುಸನ್ ಕಾಲೇಜಿನ ಪ್ರಿನ್ಸಿಪಾಲರಾದವರು. ಅವರ ತಂದೆ ಮಹರ್ಷಿ ಕರ್ವೆಯವರು. ವಿಧವೆಯರ ಶಿಕ್ಷಣಕ್ಕಾಗಿ ಜನ್ಮ ತೇದು, ಮಹಿಳೆಯರಿಗೆ ವಿದ್ಯಾಪೀಠವನ್ನೇ ಕಟ್ಟಿ, 1958ರಲ್ಲಿ ಭಾರತರತ್ನ ಪಡೆದ ಆ ಮಹನೀಯರನ್ನು ಅರಿಯದವರಾರು? ಆದರೆ ಸ್ವಂತ ಸೊಸೆ ಜರ್ಮನಿಗೆ ಹೋಗಿ ಓದುತ್ತೇನೆಂದಾಗ ಅವರು ಒಪ್ಪಲಿಲ್ಲ. ದೊಡ್ಡವರ ದೊಡ್ಡತನವೂ ಮನೆಯ ಹೊಸ್ತಿಲಲ್ಲಿ ಒಮ್ಮೊಮ್ಮೆ ನಿಂತುಬಿಡುತ್ತದೆ. ಗಂಡ ಮಾತ್ರ ಹೆಂಡತಿಯ ಪಕ್ಷ ವಹಿಸಿದರು; ಅವರೂ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು ಬಂದವರೇ. ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದ ಡಾ॥ ಜೀವರಾಜ ಮೆಹತಾರಿಂದ ಸಾಲ ಸಿಕ್ಕಿತು. 1928ರಲ್ಲಿ ಇರಾವತಿ ಬರ್ಲಿನ್ ಸೇರಿದರು.

ಬರ್ಲಿನ್ನಿನ ಡಾಲೆಮ್ ಬಡಾವಣೆಯಲ್ಲಿ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆ ಆಗತಾನೇ, ಅಂದರೆ 1927ರಲ್ಲಿ, ಸ್ಥಾಪಿತವಾಗಿತ್ತು. ಅದರ ಮುಖ್ಯಸ್ಥ ಪ್ರೊಫೆಸರ್ ಆಯ್ಗನ್ ಫಿಷರ್. ಮನುಷ್ಯಕುಲದಲ್ಲಿ ಮೇಲು ಕೀಳು ಎಂಬ ಜನಾಂಗಗಳಿವೆಯೆಂದೂ ಆ ಭೇದ ರಕ್ತದಲ್ಲಿಯೇ ಬರುತ್ತದೆಂದೂ ದೃಢವಾಗಿ ನಂಬಿದ್ದ ವಿದ್ವಾಂಸ ಆತ. 1908ರಲ್ಲಿ ಆಫ್ರಿಕದ ಜರ್ಮನ್ ವಸಾಹತಿಗೆ ಹೋಗಿ, ಅಲ್ಲಿನ ಮಿಶ್ರಸಂತಾನದ ಜನರನ್ನು ಅಳೆದು ತೂಗಿ ಗ್ರಂಥ ರಚಿಸಿದ್ದನು. ಭಾರತದಿಂದ ಬಂದ ಈ ತರುಣಿಗೆ ಅವನು ಕೊಟ್ಟ ವಿಷಯ ಮನುಷ್ಯರ ತಲೆಬುರುಡೆಯ ಎಡಬಲಗಳ ಅಸಮತೆ. ಯುರೋಪಿಯನರ ಬುರುಡೆಯಲ್ಲಿ ಈ ಅಸಮತೆ ಹೆಚ್ಚು, ಬೇರೆಯವರಲ್ಲಿ ಕಡಿಮೆ, ಇದಕ್ಕೂ ಬಿಳಿಯರ ವಿಚಾರಶಕ್ತಿಗೂ ಸಂಬಂಧವಿದೆ ಎಂಬುದು ಗುರುವಿನ ಊಹೆ. ಅದನ್ನು ಅಂಕಿಗಳಿಂದ ಸ್ಥಾಪಿಸಿಕೊಡುವುದು ಶಿಷ್ಯೆಯ ಕೆಲಸ.

ಆಕೆಯ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಪರದೇಶ; ಪರಭಾಷೆ; ತಲೆಯ ಮೇಲೆ ಸಾಲ; ಊರಿನಲ್ಲಿ ಒಪ್ಪಿಗೆಯಿಲ್ಲದ ಮಾವ. ಪದವಿ ಕೊಡುವವನೂ ಫಿಷರನೇ, ಪರೀಕ್ಷಿಸುವವನೂ ಫಿಷರನೇ. ಮೇಜಿನ ಮೇಲೆ ಸಾಲಾಗಿ ಬುರುಡೆಗಳು. ಅವುಗಳಲ್ಲಿ ಕೆಲವು ಜರ್ಮನಿಯ ಆಫ್ರಿಕನ್ ವಸಾಹತುಗಳಿಂದ ತಂದವು. ಅವುಗಳ ಒಡೆಯರು ಯಾರು, ಹೇಗೆ ಸತ್ತರು, ಯಾರ ಅಪ್ಪಣೆಯಿಂದ ಇಲ್ಲಿಗೆ ಬಂದರು ಎಂದು ಆ ಸಂಸ್ಥೆಯಲ್ಲಿ ಕೇಳುವ ವಾಡಿಕೆಯಿರಲಿಲ್ಲ. ಇರಾವತಿ ಅಂಥ 149 ಬುರುಡೆಗಳನ್ನು ಒಂದೊಂದಾಗಿ ಅಳೆದರು. ಎಡಬಲಗಳು ಎಲ್ಲರಲ್ಲಿಯೂ ಸ್ವಲ್ಪ ಹೆಚ್ಚುಕಡಿಮೆ ಇದ್ದುವು. ಆದರೆ ಆ ಹೆಚ್ಚುಕಡಿಮೆಗೂ ಜನಾಂಗಕ್ಕೂ ಯಾವ ನಂಟೂ ಕಾಣಲಿಲ್ಲ. ಗುರುವಿಗೆ ಬೇಕಾದ ಉತ್ತರ ಅದಲ್ಲವೆಂದು ಗೊತ್ತಿದ್ದೂ, ಅಳತೆ ಹೇಳಿದ್ದನ್ನೇ ಆಕೆ ಬರೆದುಕೊಟ್ಟರು. ಪದವಿ ಬಂತು, ಪ್ರಬಂಧ 1931ರಲ್ಲಿ ಅಚ್ಚಾಯಿತು.

ಮುಂದಿನ ಕಥೆಯನ್ನು ತಿಳಿದವರಿಗೆ ಇದು ಸಣ್ಣ ಸಂಗತಿಯೆಂದು ತೋರಲಾರದು. 1933ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಬಂತು. ಅದೇ ವರ್ಷ ಫಿಷರ್ ಬರ್ಲಿನ್ ವಿಶ್ವವಿದ್ಯಾನಿಲಯದ ರೆಕ್ಟರ್ ಆದನು. ಬಲಾತ್ಕಾರದ ಸಂತಾನಹರಣಕ್ಕೆ ಕಾನೂನಾದಾಗ ಅದಕ್ಕೆ ಶಾಸ್ತ್ರದ ಮುದ್ರೆ ಒತ್ತಿದವರಲ್ಲಿ ಈ ಸಂಸ್ಥೆಯವರಿದ್ದರು. ಫಿಷರನ ನಂತರ 1942ರಲ್ಲಿ ಫೆರ್ಶೂಯರ್ ಎಂಬವನು ಅದರ ಮುಖ್ಯಸ್ಥನಾದ ಮೇಲೆ, ಔಷ್ವಿಟ್ಸ್ ಶಿಬಿರದಲ್ಲಿ ಕೊಲೆಯಾದವರ ಅವಯವಗಳು ಅಲ್ಲಿಗೆ ಬಂದುವು. ಕಳುಹಿಸುತ್ತಿದ್ದವನು ಅವನ ಶಿಷ್ಯ ಮೆಂಗೆಲೆ. ಇರಾವತಿ ಅಳೆದು ಲೆಕ್ಕ ಹಾಕಿದ್ದು ಅದೇ ಸಂಸ್ಥೆಯಲ್ಲಿ.

ಸ್ವದೇಶಕ್ಕೆ ಬಂದ ಮೇಲೆ ಕೆಲವು ವರ್ಷ ಮುಂಬಯಿಯಲ್ಲಿ ಮಹಿಳಾ ವಿದ್ಯಾಪೀಠದ ರಿಜಿಸ್ಟ್ರಾರ್ ಕೆಲಸ ಮಾಡಿದರು. ಕಾಗದಪತ್ರಗಳ ಆ ಕೆಲಸ ಅವರ ಮನಸ್ಸಿಗೆ ಒಗ್ಗುವಂಥದಲ್ಲ. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆದಾಗ ಅಲ್ಲಿ ಸಮಾಜಶಾಸ್ತ್ರದ ರೀಡರ್ ಆದರು. ತಮ್ಮ ಕೊನೆಗಾಲದವರೆಗೂ ಅಲ್ಲಿಯೇ ಇದ್ದರು. ಪ್ರಾಕ್ತನಶಾಸ್ತ್ರಜ್ಞ ಸಂಕಾಳಿಯಾರವರು ಸಹೋದ್ಯೋಗಿ. ಅವರೊಡನೆ ಗುಜರಾತಿನ ಲಾಂಘಣಜಕ್ಕೆ ಹೋಗಿ, ಶಿಲಾಯುಗದ ಮನುಷ್ಯರ ಅಸ್ಥಿಪಂಜರಗಳನ್ನು ಮಣ್ಣಿನಿಂದ ಬಿಡಿಸಿ ತೆಗೆಯುವ ಕೆಲಸದಲ್ಲಿಯೂ ಭಾಗಿಯಾದರು. ಸೀರೆಯುಟ್ಟ ಗೃಹಿಣಿ ಗುಂಡಿಯಲ್ಲಿ ಕುಳಿತು ಎಲುಬು ಬಿಡಿಸುವುದೆಂದರೆ 1940ರ ದಶಕದ ಹಳ್ಳಿಗರಿಗೆ ಏನನ್ನಿಸಿತ್ತೋ!

ಅವರ ಪರಿಶ್ರಮದ ಬಹುಭಾಗ ನಡೆದದ್ದು ರಸ್ತೆಯ ಮೇಲೆ. ಬಸ್ಸಿನಲ್ಲಿ, ಗಾಡಿಯಲ್ಲಿ, ಕಾಲುನಡಿಗೆಯಲ್ಲಿ ಊರೂರು ತಿರುಗಿ, ಮರಾಠರನ್ನೂ ಭಿಲ್ಲರನ್ನೂ ಇನ್ನೂ ಎಷ್ಟೋ ಜಾತಿಗಳನ್ನೂ ಅಳೆದರು. ಮದುವೆಯ ಕಟ್ಟಳೆಗಳನ್ನು ಕೇಳಿ ಬರೆದುಕೊಂಡರು. ನಮ್ಮ ಕರ್ನಾಟಕಕ್ಕೂ ಬಂದು ಅಳತೆ ತೆಗೆದುಕೊಂಡು, ಅದನ್ನು ಒರಿಸ್ಸಾದ ಅಳತೆಗಳೊಡನೆ ಹೋಲಿಸಿ 1954ರಲ್ಲಿ ಲೇಖನ ಪ್ರಕಟಿಸಿದರು.

ಈ ತಿರುಗಾಟದ ಹಣ್ಣು 1953ರಲ್ಲಿ ಬಂದ ಇಂಗ್ಲಿಷ್ ಗ್ರಂಥ, ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತದ್ದು. ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ನೆಂಟಸ್ತಿಕೆಯ ಮಾತುಗಳು ಹೇಗಿವೆ, ಅವುಗಳ ಹಿಂದೆ ಯಾವ ಮದುವೆಯ ನಿಯಮಗಳಿವೆ ಎಂದು ಅದರಲ್ಲಿ ತೋರಿಸಿದ್ದಾರೆ. ಉತ್ತರದಲ್ಲಿ ಸ್ವಗೋತ್ರ ಆಗದು, ತಾಯಿಯ ಕಡೆಯವರೂ ಆಗದು, ಊರಿನೊಳಗಿನ ಹುಡುಗಿಯೂ ಆಗದು. ಆದುದರಿಂದ ಅಲ್ಲಿ ಮದುವೆಯೆಂದರೆ ಹುಡುಗಿ ಅಪರಿಚಿತರ ಊರಿಗೆ ಮುಸುಕು ಹಾಕಿಕೊಂಡು ಹೋಗುವುದು. ಮಗಳೆಂಬ ಬಾಳು ಒಂದು ಊರಿನಲ್ಲಿ ಮುಗಿಯುತ್ತದೆ, ಸೊಸೆಯೆಂಬ ಬಾಳು ಇನ್ನೊಂದು ಊರಿನಲ್ಲಿ ತೊಡಗುತ್ತದೆ. ದಕ್ಷಿಣದಲ್ಲಾದರೋ ಕೊಟ್ಟ ಮನೆಗೇ ಕೊಟ್ಟು, ತಂದ ಮನೆಯಿಂದಲೇ ತರುವುದು. ಸೋದರಮಾವನ ಮಗ, ಸೋದರತ್ತೆಯ ಮಗ, ಕೆಲವೆಡೆ ಸ್ವತಃ ಸೋದರಮಾವನೇ ವರ. ಇಲ್ಲಿ ಸೊಸೆ ಮುಸುಕು ಎಳೆದುಕೊಳ್ಳಬೇಕಾದ ಅಪರಿಚಿತರೇ ಇಲ್ಲ. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳೇ ಅತ್ತೆ. ಅತ್ತೆ, ಮಾವ ಎಂಬ ಮಾತುಗಳು ಎರಡು ನೆಂಟಸ್ತಿಕೆಗೂ ಒಂದೇ ಆದದ್ದು ಹೀಗೆ. ಮಹಾರಾಷ್ಟ್ರ ನಡುವಿನ ಸೀಮೆ. ಮಾವನ ಮಗಳನ್ನು ಅಲ್ಲಿ ತರುತ್ತಾರೆ. ಅತ್ತೆಯ ಮಗಳನ್ನು ಸಾಮಾನ್ಯವಾಗಿ ತರುವುದಿಲ್ಲ. ಮರಾಠಿಯಲ್ಲಿ ಸಾಸೂ, ಸಾಸರಾ ಎಂಬ ಉತ್ತರದ ಮಾತುಗಳಿದ್ದರೂ, ಹಳೆಯ ಕಾಲದ ಸೊಸೆ ಎದುರಿಗೆ ಕರೆಯುತ್ತಿದ್ದದ್ದು ಆತ್ಯಾಬಾಯಿ, ಮಾಮಂಜಿ ಎಂದೇ. ಗಡಿನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ವಲಯಗಳ ಗೆರೆ ಎಳೆದದ್ದು ತೀರ ಸರಳವಾಯಿತೆಂದು ಅನಂತರದ ವಿದ್ವಾಂಸರು ತಕರಾರು ಮಾಡಿರುವುದುಂಟು. ಆದರೂ ಆ ವಿಷಯಕ್ಕೆ ಕೈ ಹಾಕುವವರು ಅವರಿಂದಲೇ ಪ್ರಾರಂಭಿಸಬೇಕಾಯಿತು.

ಬರ್ಲಿನ್ನಿನಲ್ಲಿ ಗುರುವನ್ನು ಮೀರಿದಂತೆ ಮುಂಬಯಿಯ ಗುರುವನ್ನೂ ಅವರು ಮೀರಿದರು. ಒಂದೇ ಜಾತಿ ಕಾಲಕ್ರಮದಲ್ಲಿ ಒಡೆದು ಉಪಜಾತಿಗಳಾದುವೆಂಬುದು ಘುರ್ಯೆಯವರ ಪಕ್ಷ. ಇರಾವತಿ ಮಹಾರಾಷ್ಟ್ರದ ಕುಂಬಾರರನ್ನು ನೋಡಿದರು. ದೊಡ್ಡ ತಿಗರಿಯವರು, ಸಣ್ಣ ತಿಗರಿಯವರು ಎಂದು ಬೇರೆಬೇರೆ ಪಂಗಡಗಳು. ಒಬ್ಬರೊಳಗೊಬ್ಬರು ಹೆಣ್ಣು ಕೊಡುವುದಿಲ್ಲ. ಕೆಲಸದ ರೀತಿ ಬೇರೆ, ಅಳತೆಗೂ ಒಂದೇ ಮೂಲದವರೆಂದು ಕಾಣುವುದಿಲ್ಲ. ಕುಂಬಾರ ಎಂಬುದು ಒಡೆದ ಗಡಿಗೆಯಲ್ಲ, ಒಂದೆಡೆ ಇಟ್ಟ ಬೇರೆಬೇರೆ ಗಡಿಗೆಗಳು ಎಂದು ಅವರಿಗೆ ತೋರಿತು (ಈ ಹೋಲಿಕೆ ನನ್ನದು, ಅವರದಲ್ಲ). 1961ರಲ್ಲಿ ಬಂದ ಹಿಂದೂ ಸಮಾಜವನ್ನು ಕುರಿತ ಅವರ ಪುಸ್ತಕದ ತಿರುಳು ಇದೇ.

ಒಂದು ಮಾತನ್ನು ಮುಚ್ಚಿಡಬಾರದು. ಜನಾಂಗದ ಮೇಲುಕೀಳನ್ನು ಒಪ್ಪದ ಇರಾವತಿ, ಫಿಷರನ ಶಾಲೆಯ ಅಳತೆಗೋಲನ್ನು ಮಾತ್ರ ಕೊನೆಯವರೆಗೂ ಕೆಳಗಿಡಲಿಲ್ಲ. ಜಾತಿಯ ರಹಸ್ಯ ಮೂಗಿನ ಅಗಲದಲ್ಲಿಯೂ ತಲೆಯ ಉದ್ದದಲ್ಲಿಯೂ ಸಿಕ್ಕೀತೆಂದು ನಂಬಿ, ಜಗತ್ತಿನ ಮಾನವಶಾಸ್ತ್ರ ಆ ದಾರಿಯನ್ನು ಬಿಟ್ಟುಹೋದ ಮೇಲೂ ಅಳೆಯುತ್ತಲೇ ಇದ್ದರು. ಜಾತಿಯೊಳಗಿನ ದಬ್ಬಾಳಿಕೆಗಿಂತ ಅದರ ರಚನೆಯೇ ಅವರ ಕಣ್ಣಿಗೆ ಹೆಚ್ಚು ಬಿದ್ದಿತು. ಹಾಗೆಂದು ಕಂಡದ್ದನ್ನು ಮರೆಮಾಚಿದವರಲ್ಲ. ವಾರಕರಿಗಳೊಡನೆ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋದಾಗ, ಹಗಲೆಲ್ಲ ಒಂದೇ ಅಭಂಗವನ್ನು ಹಾಡುತ್ತ ನಡೆದವರು ರಾತ್ರಿ ಊಟಕ್ಕೆ ಬ್ರಾಹ್ಮಣರೇ ಬೇರೆ, ಮರಾಠರೇ ಬೇರೆಯಾಗಿ ಕುಳಿತದ್ದನ್ನು ಕಂಡು ಅವರಿಗಾದ ಸಂಕಟ ಆ ಯಾತ್ರೆಯ ಪ್ರಬಂಧದಲ್ಲಿದೆ. ಮರಾಠಿ ಸಂತರೇ ಕನ್ನಡದವನೆಂದು ಕರೆದ ವಿಠ್ಠಲನ ಸನ್ನಿಧಿಗೆ ಹೋಗುವ ದಾರಿ ಅದು!

ಮನೆಯಲ್ಲಿಯೂ ಅವರ ರೀತಿ ಬೇರೆ. ಗಂಡನನ್ನು ದಿನೂ ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಕುಂಕುಮ, ಮಂಗಳಸೂತ್ರಗಳ ಗೊಡವೆಯಿರಲಿಲ್ಲ. ಪುಣೆಯಲ್ಲಿ ಸ್ಕೂಟರ್ ಓಡಿಸಿದ ಮೊದಲ ಹೆಂಗಸು ಅವರೇ ಎಂದು ಹೇಳುತ್ತಾರೆ. ಇದೆಲ್ಲ ಕೇಳಿ ಬಿಂಕದವರೆಂದು ಎಣಿಸಬಾರದು. ‘ಪರಿಪೂರ್ತಿ’ ಎಂಬ ಅವರ ಲಲಿತಪ್ರಬಂಧವೊಂದಿದೆ. ಸಭೆಯೊಂದರಲ್ಲಿ ಇವರನ್ನು ದೊಡ್ಡವರ ಸೊಸೆ, ವಿದ್ವಾಂಸರ ಪತ್ನಿ ಎಂದೆಲ್ಲ ಪರಿಚಯ ಮಾಡಿಕೊಟ್ಟರು. ಏನೋ ಒಂದು ಉಳಿಯಿತಲ್ಲ ಎಂಬ ಕೊರೆ ಮನಸ್ಸಿನಲ್ಲಿ. ಹಿಂತಿರುಗುವಾಗ ಬೀದಿಯಲ್ಲಿ ಆಡುತ್ತಿದ್ದ ಹುಡುಗರಲ್ಲೊಬ್ಬ, ನಮ್ಮ ತರಗತಿಯ ಕರ್ವೆಯ ತಾಯಿ ಹೋಗುತ್ತಿದ್ದಾರೆ ನೋಡು ಎಂದು ಜೊತೆಗಾರನಿಗೆ ತೋರಿಸಿದ. ಅಲ್ಲಿಗೆ ಪರಿಚಯ ಪೂರ್ತಿಯಾಯಿತಂತೆ. ಇದರಲ್ಲಿ ನಗುವೆಷ್ಟು, ಕುಟುಕೆಷ್ಟು ಎಂದು ನಾನಂತೂ ಖಚಿತವಾಗಿ ಹೇಳಲಾರೆ.

‘ಯುಗಾಂತ’ ಮರಾಠಿಯಲ್ಲಿ ಹೊರಬಂದದ್ದು 1967ರಲ್ಲಿ. 1968ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಸಂದಿತು. ಭಾಂಡಾರ್ಕರ್ ಸಂಸ್ಥೆಯ ವಿದ್ವಾಂಸರು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಪಾಠವನ್ನು ಮುಂದಿಟ್ಟುಕೊಂಡು, ಬಂಧುತ್ವದ ಶಾಸ್ತ್ರಜ್ಞೆ ಕುರುಕುಲವನ್ನು ಒಂದು ಕುಟುಂಬವಾಗಿ ನೋಡಿದರು. ನಾವು ಕೈಮುಗಿಯುವ ಭೀಷ್ಮನ ತ್ಯಾಗದ ಲೆಕ್ಕವನ್ನು ಅವರು ಬೇರೆ ಕಡೆಯಿಂದ ಹಾಕಿದರು: ಅಂಬೆ, ಅಂಬಿಕೆ, ಅಂಬಾಲಿಕೆ, ಗಾಂಧಾರಿ, ಕುಂತಿ, ಮಾದ್ರಿ ಇವರೆಲ್ಲ ಅದಕ್ಕೆ ತೆತ್ತದ್ದೇನು? ಖಾಂಡವದಹನವನ್ನು ಓದುವಾಗ ಕೃಷ್ಣಾರ್ಜುನರ ಪಕ್ಷ ವಹಿಸದೆ, ಉರಿಯಲ್ಲಿ ಬೆಂದ ಪ್ರಾಣಿಗಳ, ನಾಗರ ಪಕ್ಷದಿಂದ ಓದಿದರು. ಹಿರಿಯರಿಗೆ ಕೋಪ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ಕಡೆಯ ಕೆಲಸಗಳಲ್ಲೊಂದು ಕೊಯ್ನಾ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡವರ ಸಮೀಕ್ಷೆ. ಮುಳುಗಡೆಯಾದ ಕಣಿವೆಯ ಜನರನ್ನು ಎಬ್ಬಿಸಿ ಎಲ್ಲೆಲ್ಲಿಗೆ ಹಾಕಿದರು, ಅಲ್ಲಿ ಅವರು ಹೇಗಿದ್ದಾರೆ ಎಂದು ವಿಚಾರಿಸಿ, ಮಗಳು ಜಾಯಿ ನಿಂಬಕರರ ಜೊತೆಗೂಡಿ ಬರೆದ ವರದಿ 1969ರಲ್ಲಿ ಪ್ರಕಟವಾಯಿತು. ಅಣೆಕಟ್ಟುಗಳನ್ನು ಹೊಸ ದೇಗುಲಗಳೆಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲ ಅದು. ಎದ್ದುಹೋದವರ ಮನೆ ಬಾಗಿಲಿಗೆ ಹೋಗಿ ಕೇಳಿದವರು ಬಹಳ ವಿರಳ. ಅದೇ ವರ್ಷ ಅವರೇ ಇಂಗ್ಲಿಷಿನಲ್ಲಿ ಬರೆದ ‘ಯುಗಾಂತ’ವೂ ಹೊರಬಂತು. ಮರುವರ್ಷ, 1970ರ ಆಗಸ್ಟ್ 11ರಂದು, ಪುಣೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 64 ವರ್ಷ. ಡೆಕ್ಕನ್ ಕಾಲೇಜಿನ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದಿದ್ದುವು.