ಮಗ್ಗದ ಶಿಲ್ಪಿ ಸಾಕಿಚಿ ಟೊಯೋಡ

ಜಪಾನ್ ದೇಶದ ಷಿಜುವೋಕ ಪ್ರಾಂತದ ಯಮಗುಚಿ ಎಂಬ ಹಳ್ಳಿಯಲ್ಲಿ, 1867ರಲ್ಲಿ, ಬಡಗಿಯೊಬ್ಬನ ಮಗನಾಗಿ ಸಾಕಿಚಿ ಟೊಯೋಡ ಜನಿಸಿದನು. ಪ್ರಾಥಮಿಕ ಶಿಕ್ಷಣ ಮುಗಿದೊಡನೆ ತಂದೆಯ ಕಸುಬೇ ಅವನ ಪಾಲಿಗೆ ಬಂದಿತು. ಆ ಸೀಮೆಯ ಹೆಂಗಸರು ಮನೆಗಳಲ್ಲಿ ಕೈಮಗ್ಗದಿಂದ ಬಟ್ಟೆ ನೇಯುತ್ತಿದ್ದರು. ದಿನವೆಲ್ಲ ದುಡಿದರೂ ನೆಯ್ಗೆ ಸಾಗುತ್ತಿದ್ದುದು ಸ್ವಲ್ಪವೇ. ಈ ಶ್ರಮವನ್ನು ತಗ್ಗಿಸುವ ಬಗೆ ಯಾವುದೆಂಬ ಚಿಂತೆ ತರುಣನನ್ನು ಹಿಡಿಯಿತು. ಮರವನ್ನು ಕೆತ್ತುವುದು, ಜೋಡಿಸುವುದು, ಸರಿಹೋಗದಿದ್ದರೆ ಮತ್ತೆ ಬಿಚ್ಚುವುದು - ಇದೇ ಅವನ ದಿನಚರಿಯಾಯಿತು. 1890ರಲ್ಲಿ ಟೋಕಿಯೋ ನಗರದ ಕೈಗಾರಿಕಾ ವಸ್ತುಪ್ರದರ್ಶನಕ್ಕೆ ದಿನದಿನವೂ ಹೋಗಿ ಯಂತ್ರಗಳ ಮುಂದೆ ನಿಂತನು. ಅದೇ ವರ್ಷ, ಒಂದೇ ಕೈಯಿಂದ ನಡೆಸಬಹುದಾದ ಮರದ ಮಗ್ಗವೊಂದನ್ನು ನಿರ್ಮಿಸಿದನು.

1896ರಲ್ಲಿ ಉಗಿಯ ಬಲದಿಂದ ನಡೆಯುವ ಮಗ್ಗವೂ ಸಿದ್ಧವಾಯಿತು. ಆದರೆ ಯಂತ್ರಕ್ಕೆ ಕಣ್ಣಿಲ್ಲವಷ್ಟೆ! ಎಳೆ ಹರಿದರೂ ಅದು ಓಡುತ್ತಲೇ ಇರುತ್ತದೆ; ಬಟ್ಟೆ ಕೆಟ್ಟ ಮೇಲೆ ದೋಷ ತಿಳಿಯುತ್ತದೆ. ಆದುದರಿಂದ ಮಗ್ಗದ ಬಳಿ ಮನುಷ್ಯನು ಸದಾ ಕಾವಲಿರಬೇಕಾಗುತ್ತದೆ. ಹೊಕ್ಕಿನ ಎಳೆ ಹರಿದೊಡನೆ ಮಗ್ಗವು ತಾನಾಗಿಯೇ ನಿಲ್ಲುವಂತೆ ಸಾಕಿಚಿ ಏರ್ಪಾಡು ಮಾಡಿದನು. ಮಗ್ಗ ನಿಂತರೆ ನಷ್ಟವೆಂದು ತೋರಬಹುದು. ಆದರೆ ದೋಷವು ಹುಟ್ಟಿದೆಡೆಯಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಅವನ ಹಾದಿ ಸುಗಮವಾಗಿರಲಿಲ್ಲ. 1907ರಲ್ಲಿ ಸ್ಥಾಪನೆಯಾದ ಮಗ್ಗದ ಕಂಪನಿಗೆ ವ್ಯಾಪಾರ ಕುಸಿದು ಕಷ್ಟಕಾಲ ಬಂದಾಗ, ಅವನ ಪ್ರಯೋಗಗಳೇ ಅದಕ್ಕೆ ಕಾರಣವೆಂಬ ದೂರು ಬಂದಿತು. ತನ್ನ ಹೆಸರನ್ನೇ ಹೊತ್ತ ಸಂಸ್ಥೆಯನ್ನು 1910ರಲ್ಲಿ ಅವನು ಬಿಡಬೇಕಾಯಿತು. ನೊಂದ ಸಾಕಿಚಿ ಅಮೆರಿಕೆಗೆ ತೆರಳಿದನು. ಅಲ್ಲಿ ನೆಲೆಸಿದ್ದ ಜಪಾನಿನ ರಸಾಯನವಿಜ್ಞಾನಿ ಜೋಕಿಚಿ ತಕಮಿನೆಯ ಭೇಟಿಯಿಂದ ಧೈರ್ಯ ತಳೆದು ಹಿಂದಿರುಗಿ, ನಗೋಯ ನಗರದಲ್ಲಿ ಸ್ವಂತ ನೆಯ್ಗೆಯ ಕಾರ್ಖಾನೆ ತೆರೆದನು.

ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಒಳ್ಳೆಯ ನೂಲಿಲ್ಲದೆ ಸ್ವಯಂಚಾಲಿತ ಮಗ್ಗವನ್ನು ಪರೀಕ್ಷಿಸುವಂತಿರಲಿಲ್ಲ. ಎಳೆ ಹರಿದರೆ ಅದು ಮಗ್ಗದ ದೋಷವೋ ನೂಲಿನ ದೋಷವೋ ಹೇಳುವವರಾರು? ಸಾಕಿಚಿ ನೇಕಾರರನ್ನು ದೂರಲಿಲ್ಲ. 1914ರಲ್ಲಿ ತಾನೇ ನೂಲುವ ಗಿರಣಿಯನ್ನು ಕಟ್ಟಿಸಿದನು. ಒಂದು ಮಗ್ಗವನ್ನು ತಿದ್ದಲು ಒಂದು ಗಿರಣಿ! ಕೊನೆಗೆ 1924ರಲ್ಲಿ, ಮಗ ಕಿಇಚಿರೋನ ನೆರವಿನಿಂದ, ವೇಗ ತಗ್ಗದೆ ಲಾಳಿಯನ್ನು ಬದಲಾಯಿಸಿಕೊಳ್ಳುವ ಮಗ್ಗವು ಪೂರ್ಣಗೊಂಡಿತು. ಒಬ್ಬ ಕೆಲಸಗಾರನು ಹಲವಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಮಗ್ಗಗಳ ತವರೆನಿಸಿದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆಯೇ 1929ರಲ್ಲಿ ಇದರ ಹಕ್ಕಿಗಾಗಿ 1,00,000 ಪೌಂಡುಗಳ ಒಪ್ಪಂದ ಮಾಡಿಕೊಂಡಿತು.

ಮರುವರ್ಷ ಸಾಕಿಚಿ ತೀರಿಕೊಂಡನು. ಮಗನ ಪ್ರಯತ್ನದಿಂದ 1937ರಲ್ಲಿ ಟೊಯೋಟ ಮೋಟಾರು ಕಂಪನಿ ಪ್ರಾರಂಭವಾಯಿತು. ಟೊಯೋಡ ಮನೆತನದ ಬಟ್ಟೆಯ ಗಿರಣಿಯಲ್ಲಿ ದುಡಿದು ಬಂದಿದ್ದ ತೈಇಚಿ ಓನೊ ಎಂಬಾತನು ಮಗ್ಗದ ತತ್ತ್ವವನ್ನು ಮೋಟಾರು ಕಾರ್ಖಾನೆಗೆ ತಂದನು. ತೊಡಕು ಕಂಡಾಗ ಏಕೆಂದು ಐದು ಬಾರಿ ಪ್ರಶ್ನಿಸಿ ಮೂಲಕ್ಕೆ ಹೋಗುವ ಸಾಕಿಚಿಯ ಪದ್ಧತಿಯೂ ಅಲ್ಲಿ ನೆಲೆಗೊಂಡಿತು. ದಿನದಿನವೂ ಕೆಲಸವನ್ನು ತಿದ್ದಿಕೊಳ್ಳುವ ಈ ಕ್ರಮಕ್ಕೆ ಜಪಾನೀಯರು ಕೈಜೆನ್ ಎನ್ನುತ್ತಾರೆ. ದೋಷ ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗವನ್ನೆಳೆದು ಕಾರು ಜೋಡಿಸುವ ಇಡೀ ಸಾಲನ್ನು ನಿಲ್ಲಿಸಬಹುದಾಗಿತ್ತು.