ಉಳುವವರ ಕೈಗೆ ಭೂಮಿ: ಡಿ. ದೇವರಾಜ ಅರಸು

ದೇವರಾಜ ಅರಸು 1915ರ ಆಗಸ್ಟ್ 20ರಂದು ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದು ಊರಿಗೆ ಮರಳಿ ಬೇಸಾಯ ಹಿಡಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಮರುವರ್ಷದ ಚಳವಳಿಯಲ್ಲಿ ಸೆರೆಮನೆಗೂ ಹೋದರು. ಸ್ವಾತಂತ್ರ್ಯದ ನಂತರ ಶಾಸಕರಾಗಿ, ಸಚಿವರಾಗಿ ದುಡಿದು, 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು.

ಅಂದು ರಾಜ್ಯದ ಅಧಿಕಾರ ಹೆಚ್ಚಾಗಿ ಭೂಮಿಯುಳ್ಳ ದೊಡ್ಡ ಸಮುದಾಯಗಳ ಕೈಯಲ್ಲಿತ್ತು. ಅರಸು ಅವರದು ಬಹಳ ಸಣ್ಣ ಸಮುದಾಯ. ಅವರು ಹಿಂದುಳಿದವರು, ದಲಿತರು ಮತ್ತು ಅಲ್ಪಸಂಖ್ಯಾತರನ್ನು ಒಂದುಗೂಡಿಸಿದರು. ಆದರೆ ಮತಗಳನ್ನು ಒಟ್ಟುಮಾಡಿದರೆ ಸಾಲದು, ಬಡವರ ಆದಾಯವೂ ಬದಲಾಗಬೇಕಿತ್ತು.

ಆ ಕಾಲದಲ್ಲಿ ಗೇಣಿ ಪದ್ಧತಿ, ವಿಶೇಷವಾಗಿ ಕರಾವಳಿಯಲ್ಲಿ, ವ್ಯಾಪಕವಾಗಿತ್ತು. ಒಕ್ಕಲು ಉತ್ತು ಬೆಳೆದ ಅಕ್ಕಿಯ ದೊಡ್ಡ ಪಾಲು ಒಡೆಯರ ಮನೆ ಸೇರುತ್ತಿತ್ತು. ಚಾಲಗೇಣಿಯವರಿಗೆ ಯಾವಾಗ ಒಕ್ಕಲೆಬ್ಬಿಸುತ್ತಾರೋ ಎಂಬ ಭಯ. 1961ರ ಭೂಸುಧಾರಣಾ ಕಾಯ್ದೆಯಲ್ಲಿ, ಸ್ವಂತ ಬೇಸಾಯದ ಹೆಸರಿನಲ್ಲಿ ಭೂಮಿ ಹಿಂಪಡೆಯಲು ಒಡೆಯರಿಗೆ ದಾರಿಯಿತ್ತು. ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಆ ದಾರಿಯನ್ನು ಮುಚ್ಚಿತು. ಗೇಣಿಯ ಭೂಮಿ ಸರ್ಕಾರದ ವಶವಾಯಿತು. ಒಡೆಯರಿಗೆ ಪರಿಹಾರ, ಉಳುವವರಿಗೆ ಅಧಿಭೋಗದ ಹಕ್ಕು. ಹಕ್ಕಿಗಾಗಿ ಒಕ್ಕಲು ಸರ್ಕಾರಕ್ಕೆ ಹಣ ಕಟ್ಟಬೇಕಿತ್ತು, ಆದರೆ ಆಮೇಲೆ ಗೇಣಿ ಕೊಡಬೇಕಿರಲಿಲ್ಲ. ಸರ್ಕಾರ ಪ್ರತಿವರ್ಷ ಹಣ ಹಂಚದೆಯೇ ಆದಾಯ ಕೈ ಬದಲಾಯಿಸಿತು.

ಕಾನೂನು ಬರೆದ ಮಾತ್ರಕ್ಕೆ ಭೂಮಿ ಸಿಗುವುದಿಲ್ಲ. ಅಕ್ಷರ ಬಾರದ ಒಕ್ಕಲು ಕೋರ್ಟಿನಲ್ಲಿ ಒಡೆಯರ ವಕೀಲರ ಮುಂದೆ ನಿಲ್ಲಬಲ್ಲನೇ? ಅದಕ್ಕಾಗಿ ತಾಲೂಕು ಮಟ್ಟದಲ್ಲಿ ಭೂನ್ಯಾಯಮಂಡಳಿಗಳು ಬಂದವು. ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರಿದ್ದರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಲಕ್ಷಾಂತರ ಕುಟುಂಬಗಳು ಅರ್ಜಿ ಹಾಕಿದವು.

ಕೊರತೆಗಳೂ ಇದ್ದವು. ಗೇಣಿದಾರರಲ್ಲದ ಕೂಲಿಕಾರರಿಗೆ ಸಿಕ್ಕಿದ್ದು ಕಡಿಮೆ. ತುಂಡು ಭೂಮಿಯ ಗೇಣಿಯಿಂದಲೇ ಬದುಕುತ್ತಿದ್ದ ವಿಧವೆಯರಂಥವರೂ ಅದನ್ನು ಕಳೆದುಕೊಂಡರು. ನ್ಯಾಯ ಹಂಚುವಾಗಲೂ ಯಾರಿಗೆ ನೋವಾಗುತ್ತದೆ ಎಂದು ನೋಡಬೇಕೆಂಬುದಕ್ಕೆ ಇದು ಸಾಕ್ಷಿ.

ಬಡವರು ಅಡವಿಟ್ಟ ಪಾತ್ರೆ, ಒಡವೆಗಳನ್ನು ಬಿಡಿಸಿದ ಋಣ ಪರಿಹಾರ ಕಾಯ್ದೆಯೂ, ಹಿಂದುಳಿದವರ ಶಿಕ್ಷಣ ಮತ್ತು ನೌಕರಿಯ ಬಾಗಿಲು ತೆರೆದ ಹಾವನೂರು ಆಯೋಗವೂ ಅರಸು ಅವರ ಕಾಲದವೇ. ಮೈಸೂರು ರಾಜ್ಯ ಕರ್ನಾಟಕವಾದದ್ದೂ ಆಗಲೇ, 1973ರಲ್ಲಿ.

1979ರಲ್ಲಿ ಅವರು ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಅವರು ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ನಿಧನರಾದರು. ಭೂಮಿ ಪಡೆದವರ ಮತ ಅವರನ್ನು ಉಳಿಸಲಿಲ್ಲ, ಆದರೆ ಅವರು ಸೋತರೆಂದು ಯಾರ ಹಕ್ಕುಪತ್ರವೂ ರದ್ದಾಗಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಅರ್ಥಶಾಸ್ತ್ರದ ಪಾಠದಲ್ಲಿ ಭೂಸುಧಾರಣೆ ಬಂದಾಗ ಅಂಕಗಳಿಗಾಗಿ ಮಾತ್ರ ಓದಬೇಡಿ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಆ ಕಾಲದ ಹಕ್ಕುಪತ್ರವೊಂದು ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇರಬಹುದು.