ಸೂರಿ ಭಗವಂತಂ

ಸೂರಿ ಭಗವಂತಂ (14 ಅಕ್ಟೋಬರ್ 1909 – 1989) ಭಾರತದ ಭೌತವಿಜ್ಞಾನಿ. ಬೆಳಕಿನ ಕಣವಾದ ಫೋಟಾನ್ ಕೋನೀಯ ಸಂವೇಗವನ್ನು ಹೊಂದಿದೆ ಎಂಬುದಕ್ಕೆ ಸಿ. ವಿ. ರಾಮನ್ ಅವರೊಡನೆ ಪ್ರಾಯೋಗಿಕ ಆಧಾರವನ್ನು ಮಂಡಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು.

ಆರಂಭಿಕ ಜೀವನ

ಭಗವಂತಂ ಅವರು ಇಂದಿನ ಆಂಧ್ರಪ್ರದೇಶದಲ್ಲಿ ಜನಿಸಿದರು. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಪದವಿ ಪಡೆದು, 1928ರಲ್ಲಿ ಕಲ್ಕತ್ತೆಗೆ ತೆರಳಿ ರಾಮನ್ ಅವರ ಸಂಶೋಧನಾ ತಂಡವನ್ನು ಸೇರಿದರು. ರಾಮನ್ ಪರಿಣಾಮವು ಪತ್ತೆಯಾದದ್ದು ಅದೇ ವರ್ಷ. ಮುಂದೆ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಫೋಟಾನಿನ ಸಂವೇಗ

ವಸ್ತುವಿನ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವು ಅದರ ರೇಖೀಯ ಸಂವೇಗ. ಒಂದು ಅಕ್ಷದ ಸುತ್ತಲಿನ ಆವರ್ತನೆಗೆ ಸಂಬಂಧಿಸಿದ್ದು ಕೋನೀಯ ಸಂವೇಗ. ಫೋಟಾನಿಗೆ ನಿಶ್ಚಲ ದ್ರವ್ಯರಾಶಿ ಇಲ್ಲದಿದ್ದರೂ ಎರಡೂ ಸಂವೇಗಗಳಿವೆ. ಪ್ಲ್ಯಾಂಕ್ ಸ್ಥಿರಾಂಕವನ್ನು ತರಂಗಾಂತರದಿಂದ ಭಾಗಿಸಿದರೆ ಅದರ ರೇಖೀಯ ಸಂವೇಗ ದೊರೆಯುತ್ತದೆ. ಆದುದರಿಂದ ನೀಲಿ ಬೆಳಕಿನ ಫೋಟಾನಿಗೆ ಕೆಂಪು ಬೆಳಕಿನ ಫೋಟಾನಿಗಿಂತ ಹೆಚ್ಚು ಸಂವೇಗವಿರುತ್ತದೆ. ಗಿರಕಿಯ, ಅಂದರೆ ಸ್ಪಿನ್‌ನ, ಕೋನೀಯ ಸಂವೇಗವಾದರೋ ಬಣ್ಣವನ್ನು ಅವಲಂಬಿಸುವುದಿಲ್ಲ: ಚಲನೆಯ ದಿಕ್ಕಿನಲ್ಲಿ ಅದರ ಪರಿಮಾಣ ಸುಮಾರು 1.05×10⁻³⁴ ಜೌಲ್-ಸೆಕೆಂಡ್.

1931ರಲ್ಲಿ ರಾಮನ್ ಮತ್ತು ಭಗವಂತಂ ಅವರು ಅನಿಲಗಳ ಅಣುಗಳಿಂದ ಚದುರಿದ ಬೆಳಕಿನ ಧ್ರುವೀಕರಣವನ್ನು ಅಳೆದು, ಫಲಿತಾಂಶಗಳು ಫೋಟಾನಿನ ಗಿರಕಿಯನ್ನು ಸಮರ್ಥಿಸುತ್ತವೆ ಎಂದು ಪ್ರಕಟಿಸಿದರು. 1936ರಲ್ಲಿ ಅಮೆರಿಕದ ರಿಚರ್ಡ್ ಬೆತ್ ಅವರು ತೆಳುವಾದ ಎಳೆಗೆ ತೂಗುಹಾಕಿದ ಸ್ಫಟಿಕದ ಬಿಲ್ಲೆಯನ್ನು ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕು ತಿರುಚುವುದನ್ನು ನೇರವಾಗಿ ಅಳೆದರು. ಬೆಳಕಿನ ಕೋನೀಯ ಸಂವೇಗಕ್ಕೆ ನಿದರ್ಶನವಾಗಿ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೆತ್ ಅವರ ಪ್ರಯೋಗ. ಐದು ವರ್ಷ ಮೊದಲಿನ ಭಾರತೀಯ ಪ್ರಯತ್ನವು ಅಷ್ಟು ಪರಿಚಿತವಲ್ಲ.

ಹೈದರಾಬಾದ್ ಮತ್ತು ಬೀದರ್ ಪ್ರದೇಶ

ಭಗವಂತಂ ಅವರು 1952ರಿಂದ 1957ರವರೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಇಂದು ಕರ್ನಾಟಕದಲ್ಲಿರುವ ಬೀದರ್, ಭಾಲ್ಕಿ ಮತ್ತು ಔರಾದ್ ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾವೇ ಆ ರಾಜ್ಯದ ವಿಶ್ವವಿದ್ಯಾಲಯವಾಗಿತ್ತು. ಅಲ್ಲಿ ಮೊದಲಿನಿಂದ ಉರ್ದು ಬೋಧನಾ ಮಾಧ್ಯಮವಾಗಿದ್ದು, 1948ರಲ್ಲಿ ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿದ ನಂತರ ಇಂಗ್ಲಿಷ್ ಆ ಸ್ಥಾನಕ್ಕೆ ಬಂದಿತು. ಹೀಗಾಗಿ ಕನ್ನಡ ಮನೆಮಾತಿನ ವಿದ್ಯಾರ್ಥಿಗಳು ಉನ್ನತ ವಿಜ್ಞಾನವನ್ನು ಮೊದಲು ಉರ್ದುವಿನಲ್ಲಿ, ಅನಂತರ ಇಂಗ್ಲಿಷಿನಲ್ಲಿ ಕಲಿಯಬೇಕಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು.

ಬೆಂಗಳೂರು ಮತ್ತು ನಂತರದ ಸೇವೆ

ಮರುವರ್ಷ ಭಗವಂತಂ ಅವರೂ ಮೈಸೂರು ರಾಜ್ಯಕ್ಕೆ ಬಂದರು. 1957ರಿಂದ 1962ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಮುನ್ನಡೆಸಿದರು. 1960ರ ದಶಕದಲ್ಲಿ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದರು. ಬೆಳಕಿನ ಚದುರುವಿಕೆ ಹಾಗೂ ಭೌತವಿಜ್ಞಾನದಲ್ಲಿ ಗುಂಪು ಸಿದ್ಧಾಂತದ ಬಳಕೆಯನ್ನು ಕುರಿತು ಅವರು ಗ್ರಂಥಗಳನ್ನು ರಚಿಸಿದ್ದಾರೆ. 1989ರಲ್ಲಿ ನಿಧನರಾದರು.